ಕೆಳಗಿನ ಲೈನಿನ ಮುಂದೆ ನಿಂತ ಕಾರು

ಕಾರು ತೋಡಿಗೆ ಇಳಿಯಬಹುದಿತ್ತು. ಮೂರನೇ ತಿರುವಿನಲ್ಲಿ ಆನೆ ನಿಂತಿರಬಹುದಿತ್ತು. ಆನೆ ಇಲ್ಲದಿದ್ದರೆ ಅದು ಹಾಕಿ ಹೋದ ಲದ್ದಿಯಾದರೂ ಇದ್ದು, ಅದನ್ನು ಬಂಡೆಯೆಂದು ತಿಳಿದು ಕಾರು ಅಲ್ಲೇ ಕೂತುಬಿಡಬಹುದಿತ್ತು. ಮೆಣಸಿನ ಬಳ್ಳಿಯ ಮರಕ್ಕೆ ಒರಗಿಸಿದ್ದ ಏಣಿ ಜಾರಿ, ಬೆಂಗಳೂರಿನಿಂದ ಬಂದ ಹೂಡಿಕೆದಾರರ ತಲೆಯನ್ನೇ ಹುಡುಕಿಕೊಂಡು ಬೀಳಬಹುದಿತ್ತು. ತೋಟದ ನಾಯಿ ಟೈಗರ್, ಒಳಗಿನ ಟಾರು ರಸ್ತೆಯನ್ನು ತನಗೆ ಮಲಗುವುದಕ್ಕೆಂದೇ ಹಾಕಿಸಿದ್ದಾರೆಂದು ನಂಬಿರುವ ಪ್ರಾಣಿ, ಕಾರು ಬಂದರೂ ಕಣ್ಣು ಬಿಡದೆ ಇರಬಹುದಿತ್ತು. ಯಾರದೋ ಕಾಲುಚೀಲದೊಳಗೆ ಜಿಗಣೆ ಹತ್ತಿ, ಅವರು ಬಿಳಿ ಪ್ಯಾಂಟಿನ ಮೇಲೆ ರಕ್ತ ಕಂಡು ತಲೆ ತಿರುಗಿ ಬೀಳಬಹುದಿತ್ತು. ಸಸ್ಯಾಹಾರದ ಮೇಜಿಗೆ ಹಂದಿಮಾಂಸದ ಪಂದಿ ಕರಿಯ ಪಾತ್ರೆ ಹೋಗಿಬಿಡಬಹುದಿತ್ತು, ಅದೂ ಅವರು ಎರಡನೇ ಸಲ ಹಾಕಿಸಿಕೊಂಡ ಮೇಲೆ ಗೊತ್ತಾಗಬಹುದಿತ್ತು. ಹೆಜ್ಜೇನು ಏಳಬಹುದಿತ್ತು. ಕರೆಂಟು ಹೋಗಬಹುದಿತ್ತು, ಜನರೇಟರ್ ಕೆಮ್ಮಿ ಸುಮ್ಮನಾಗಬಹುದಿತ್ತು. ಮಂಜು ಕವಿದು ಯಾರಿಗೂ ಏನೂ ಕಾಣದೆ, ಕಾರು ಹೋಯಿತೋ ನಿಂತಿತೋ ಎಂದು ಎಲ್ಲರೂ ಸದ್ದಿನ ಮೇಲೆ ಅಂದಾಜು ಮಾಡಬೇಕಾಗಬಹುದಿತ್ತು.

ಇದನ್ನೆಲ್ಲ ಹಾಜರಿ ಬರೆಯುವ ಮಸ್ಟರ್ ಪುಸ್ತಕದ ಕೊನೆಯ ಹಾಳೆಯಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ಹೆಂಡತಿ ಜಯಂತಿ ಅದನ್ನು ಓದಿ, ‘ಸೂರ್ಯ ಹುಟ್ಟದೆ ಇರಬಹುದು ಅನ್ನೋದೊಂದು ಬಿಟ್ಟುಹೋಗಿದೆ ನೋಡಿ’ ಅಂದಳು.

‘ಅದು ಮಂಜಿನ ಲೆಕ್ಕದಲ್ಲೇ ಬಂತು ಕಣೇ’ ಅಂದೆ. ತಮಾಷೆಗೆ ಅಂದದ್ದಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ.

ಆ ವರ್ಷವನ್ನು ಈಗ ಎಳೆದು ತಂದದ್ದು ಸುಣ್ಣದ ವಾಸನೆ. ಈ ವಾರ ಮೇಲಿನ ಬ್ಲಾಕಿನಲ್ಲಿ ಡ್ರಮ್ಮಿಗೆ ಸುಣ್ಣ ಸುರಿದು ನೀರು ಹಾಕಿದ್ದಾರೆ. ಅರೇಬಿಕಾ ಗಿಡದ ಕಾಂಡಕ್ಕೆ ಬಳಿಯುವ ಸುಣ್ಣ; ಕಾಂಡಕೊರಕ ಹುಳು ಮೊಟ್ಟೆ ಇಡದಿರಲಿ ಅಂತ ಮಾಡುವ ಕೆಲಸ. ನೀರು ಬಿದ್ದ ಕೂಡಲೇ ಅದು ಕೊತಕೊತ ಕುದ್ದು ಮೂಗಿಗೆ ಬಿಸಿ ಹೊಡೆಯಿತು. ಹಾಜರಿ ಕೂಗುತ್ತಿದ್ದವನು ಒಂದು ಹೆಸರು ಬಿಟ್ಟು ಮುಂದಿನದು ಕೂಗಿದೆ. ಅಸ್ಸಾಮಿನ ಹುಡುಗಿಯೊಬ್ಬಳು ತನ್ನ ಹೆಸರು ಬರಲಿಲ್ಲವೆಂದು ಕೈ ಎತ್ತಿದಳು.

ನಾನು ತೋಟದ ರೈಟರ್. ಬಿಟ್ಟಂಗಾಲದ ಈ ತೋಟಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ರೈಟರ್ ಎಂದರೆ ಬಸ್ಸಿನಲ್ಲಿ ಪಕ್ಕ ಕೂತವರು ‘ಓ, ಕತೆಯಾ ಕವನವಾ?’ ಎಂದು ಕೇಳುತ್ತಾರೆ. ನಾನು ಬರೆಯುವುದು ಯಾರು ಬಂದರು, ಯಾರು ಬರಲಿಲ್ಲ, ಯಾವ ಬ್ಲಾಕಿನಲ್ಲಿ ಕಳೆ ತೆಗೆದರು ಎಂಬುದನ್ನು. ಮೂಲದಲ್ಲಿ ನಮ್ಮದು ಹಾಸನದ ಕಡೆ; ಅಜ್ಜನ ಕಾಲಕ್ಕೆ ಕುಶಾಲನಗರದ ಪಕ್ಕಕ್ಕೆ ಬಂದವರು. ಹಾರಂಗಿ ನಾಲೆಯ ನೀರು ಬಂದರೆ ಗದ್ದೆ ಮುಳುಗುತ್ತದೆ ಅಂತ, ಬರದಿದ್ದರೆ ಒಣಗುತ್ತದೆ ಅಂತ ಅಪ್ಪ ವರ್ಷವಿಡೀ ಚಿಂತೆ ಮಾಡುತ್ತಿದ್ದರು. ನನಗೆ ಪಿತ್ರಾರ್ಜಿತವಾಗಿ ಗದ್ದೆ ಬರಲಿಲ್ಲ, ಆ ಚಿಂತೆ ಬಂತು.

ತೋಟದ ಓನರ್ ದೇವಯ್ಯನವರು. ಸಂಪಾಜೆ ಕಡೆಯ ಅರೆಭಾಷೆ ಮನೆಯವರು, ಹೊಸದೆಂದರೆ ಪ್ರಾಣ. ಬೆಂಗಳೂರಿನ ಸಣ್ಣ ಕಂಪನಿಯೊಂದು ಇದ್ದ ಕಾರಿಗೇ ತಾನೇ ಓಡುವ ಬುದ್ಧಿ ಜೋಡಿಸಿಕೊಡುತ್ತದೆಂದು ಯಾರಿಂದಲೋ ಕೇಳಿ, ಎಲ್ಲರಿಗಿಂತ ಮೊದಲು ಹಾಕಿಸಿಕೊಂಡಿದ್ದರು. ಮುಂದಿನ ಗಾಜಿನ ಹಿಂದೆ ಒಂದು ಕ್ಯಾಮೆರಾ, ಸೀಟಿನ ಕೆಳಗೆ ಒಂದು ಪೆಟ್ಟಿಗೆ. ಮೈಸೂರು ದಾರಿಯಲ್ಲಿ ಅದು ಸ್ಟೇರಿಂಗ್ ಹಿಡಿದುಕೊಂಡು ಚೆನ್ನಾಗಿಯೇ ಹೋಗುತ್ತಿತ್ತು. ನಮ್ಮ ಕಡೆಯ ಮಂಜಿಗೆ ಸಿಕ್ಕಿದ್ದೇ ತಡ, ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಕೈಬಿಡುತ್ತಿತ್ತು. ಇರಲಿ, ಮುಂದೆ ಬರುವ ಬುದ್ಧಿಯೆಲ್ಲ ಫೋನಿಗೆ ಬರುವ ಹಾಗೆ ಇದೇ ಪೆಟ್ಟಿಗೆಗೆ ಬರುತ್ತದೆ ಎಂದು ಕಂಪನಿ ಹೇಳಿತ್ತು. ಆ ಮಾತಿನ ಮೇಲೆ ದೇವಯ್ಯನವರು ಕಂಪನಿಯಲ್ಲಿ ಪಾಲೂ ತೆಗೆದುಕೊಂಡರು. ಸಾಲದ್ದಕ್ಕೆ ವಿರಾಜಪೇಟೆಯ ತಮ್ಮ ಸ್ನೇಹಿತ, ಕಣ್ಣಿನ ಡಾಕ್ಟರಿಗೂ ಒಂದು ಪೆಟ್ಟಿಗೆ ಹಾಕಿಸಿದರು.

ಎರಡು ವರ್ಷದ ಹಿಂದೆ ಮಳೆ ಹಿಡಿದ ವಾರವೇ ಆ ಸುದ್ದಿ ಬಂತು. ಕಂಪನಿ ಹೊಸ ಪೆಟ್ಟಿಗೆ ತಂದಿದೆ. ಸುತ್ತಲೂ ಕ್ಯಾಮೆರಾ, ಮಂಜಿನ ಆಚೆಗೂ ನೋಡುವ ರೇಡಾರ್, ಬೆಟ್ಟದ ದಾರಿಗೆಂದೇ ಮಾಡಿದ ಬುದ್ಧಿ. ಆದರೆ ಈ ಬುದ್ಧಿಯನ್ನು ಹೊರುವ ಶಕ್ತಿ ಹಳೆಯ ಪೆಟ್ಟಿಗೆಗೆ ಇಲ್ಲ. ಹಳೆಯದನ್ನು ಕಿತ್ತು ಹೊಸದನ್ನೇ ಹಾಕಿಸಬೇಕು.

ಅವತ್ತಿನಿಂದ ದೇವಯ್ಯನವರೊಳಗೆ ಇಬ್ಬರು ವಾಸಕ್ಕಿದ್ದರು. ಬೆಳಿಗ್ಗೆ ಕಾರು ಹತ್ತುವಾಗ ಅವರು ಪೆಟ್ಟಿಗೆಯ ಓನರ್. ‘ಕಳ್ಳರು, ಶುದ್ಧ ಕಳ್ಳರು, ಮೂರು ವರ್ಷಕ್ಕೆ ನನ್ನ ಗಾಡಿಯನ್ನ ಮ್ಯೂಸಿಯಂಗೆ ಕಳಿಸಿದ್ರು’ ಎಂದು ಬಾಗಿಲು ದಢಾರನೆ ಹಾಕುತ್ತಿದ್ದರು. ಸಂಜೆ ಆಫೀಸಿನಲ್ಲಿ ಕೂತು ಕನ್ನಡಕ ಹಾಕಿಕೊಂಡರೆ ಕಂಪನಿಯ ಪಾಲುದಾರ. ‘ನೋಡು ನಂಜುಂಡ, ಎಂಥಾ ಬುದ್ಧಿವಂತರು ಉಂಟು ನಮ್ಮ ಹುಡುಗ್ರು’ ಎಂದು ಹೊಸ ಪೆಟ್ಟಿಗೆಯ ಚಿತ್ರ ತೋರಿಸುತ್ತಿದ್ದರು. ಯಾವ ಹೊತ್ತಿಗೆ ಯಾರಿಗೆ ತಲೆ ಆಡಿಸಬೇಕೆಂದು ತಿಳಿಯದೆ ನಾನು ಕನ್ನಡಕ ನೋಡಿಕೊಂಡು ಆಡಿಸುತ್ತಿದ್ದೆ.

ಡಾಕ್ಟರಿಗೆ ಆ ಗೊಂದಲ ಇರಲಿಲ್ಲ. ಅವರು ಓನರ್ ಮಾತ್ರ. ದಿನಾ ಫೋನು. ‘ನಂಜುಂಡ, ನಿಮ್ಮ ಯಜಮಾನರಿಗೆ ಹೇಳಿ. ನನ್ನ ಕಾರಿಗೆ ಕಣ್ಣು ಕಾಣಲ್ಲ ಅಂತ ಅವರೇ ಸರ್ಟಿಫಿಕೇಟ್ ಕೊಟ್ರಲ್ಲ, ಆಪರೇಷನ್ ಮಾಡ್ತಾರಾ ಇಲ್ವಾ? ನಾನೇ ಮಾಡೋ ಹಾಗಿದ್ರೆ ಮಾಡ್ಕೊಳ್ತಿದ್ದೆ.’

ಜುಲೈಯಲ್ಲಿ ಒಂದು ಸಂಜೆ, ಕನ್ನಡಕದ ಹೊತ್ತಿನಲ್ಲಿ, ದೇವಯ್ಯನವರು ನನ್ನನ್ನು ಕೂರಿಸಿ ವಿಷಯ ಹೇಳಿದರು. ಅಕ್ಟೋಬರಿನಲ್ಲಿ ದೊಡ್ಡ ಹೂಡಿಕೆದಾರರು ಬರುತ್ತಾರೆ. ಹೊಸ ಪೆಟ್ಟಿಗೆಯ ಕಾರು ನಮ್ಮ ತೋಟದ ಒಳರಸ್ತೆಯಲ್ಲಿ ಗೇಟಿನಿಂದ ಕಾಫಿ ಕಣದವರೆಗೆ ಓಡಿ ತೋರಿಸಬೇಕು. ಅವರು ಒಪ್ಪಿದರೆ ಕಂಪನಿ ಈ ರಸ್ತೆಯನ್ನೇ ಪರೀಕ್ಷೆಗೆ ಇಟ್ಟುಕೊಳ್ಳುತ್ತದೆ, ಒಂದು ವರ್ಕ್‌ಶಾಪ್ ಕಟ್ಟುತ್ತದೆ. ಅದಕ್ಕೆ ಸಮತಟ್ಟು ಜಾಗ ಬೇಕು, ರಸ್ತೆಯ ಪಕ್ಕದಲ್ಲಿರಬೇಕು. ಅಂಥದ್ದು ತೋಟದಲ್ಲಿ ಒಂದೇ ಇತ್ತು: ಕೆಳಗಿನ ಲೈನ್.

ಕೆಲಸದವರ ಸಾಲುಮನೆಗೆ ನಮ್ಮಲ್ಲಿ ಲೈನ್ ಅನ್ನುತ್ತೇವೆ. ಲೈನ್ ಸಿಕ್ಕಿತು ಎಂದರೆ ಇರುವುದಕ್ಕೆ ಮನೆ ಸಿಕ್ಕಿತು. ಲೈನ್ ಬಿಟ್ಟರು ಎಂದರೆ ಗಂಟುಮೂಟೆ ಕಟ್ಟಿ ತೋಟದಿಂದಲೇ ಹೋದರು. ಕೆಳಗಿನ ಲೈನಿನ ಐದು ಬಾಗಿಲಿನಲ್ಲಿ ನಾಲ್ಕಕ್ಕೆ ಬೀಗ ಬಿದ್ದು ವರ್ಷಗಳಾಗಿದ್ದವು. ಐದನೆಯದರಲ್ಲಿ ಪುಟ್ಟಮ್ಮ ಇದ್ದಳು.

‘ಅವಳಿಗೆ ನೀನೇ ಹೇಳು ಮಾರಾಯ,’ ಅಂದರು ದೇವಯ್ಯನವರು. ‘ನಾನು ಹೇಳಿದ್ರೆ ಹೆದರ್ತಾಳೆ. ನೀನಾದ್ರೆ ಮೆತ್ತಗೆ ಹೇಳ್ತಿ. ಪಿರಿಯಾಪಟ್ಟಣದಲ್ಲಿ ಯಾರೋ ಉಂಟಲ್ಲ ಅವಳಿಗೆ?’

‘ತಂಗಿ ಮಗಳು ಸರ್. ಸಾವಿತ್ರಿ ಅಂತ.’

‘ಹಾಂ, ಅಲ್ಲಿಗೆ ಹೋಗುವ ಏರ್ಪಾಡು ಮಾಡು. ಸಾಮಾನಿಗೆ ನಮ್ಮ ಪಿಕಪ್ ಕೊಡುವ. ಅವಸರ ಎಂತದೂ ಇಲ್ಲ. ಪಿಕಿಂಗ್ ಮುಗಿಯುವವರೆಗೆ ಇರ್ಲಿ. ಆದ್ರೆ ಈಗ್ಲೇ ಹೇಳಿಬಿಡು, ಪಾಪ, ಅವಳಿಗೂ ಸಮಯ ಬೇಕಲ್ಲ.’

ಕೆಟ್ಟ ಮನುಷ್ಯರಲ್ಲ ಅವರು. ಈಗ್ಲೇ ಹೇಳಿಬಿಡು ಎಂದು ಸರಿಯಾಗಿಯೇ ಹೇಳಿದ್ದರು.

ಪುಟ್ಟಮ್ಮ ಎಚ್.ಡಿ. ಕೋಟೆ ಕಡೆಯಿಂದ ಮದುವೆಯಾಗಿ ಈ ತೋಟಕ್ಕೆ ಬಂದವಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಣ್ಣು ಕುಯ್ದವಳು. ನಾನು ಹೊಸದಾಗಿ ಬಂದಾಗ ಅರೇಬಿಕಾ ಯಾವುದು ರೊಬಸ್ಟಾ ಯಾವುದು ಎಂದು, ನನ್ನ ಮಾನ ಹೋಗದ ಹಾಗೆ, ಯಾರೂ ಇಲ್ಲದಾಗ ತೋರಿಸಿಕೊಟ್ಟವಳು. ಕೆಲಸದಿಂದ ನಿಂತು ನಾಲ್ಕು ವರ್ಷವಾಗಿತ್ತು. ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಕೋಳಿ ಸಾಕಿಕೊಂಡು, ಮನೆಯ ಹಿಂದೆ ಸುವರ್ಣಗೆಡ್ಡೆ ಹಾಕಿಕೊಂಡು ಇದ್ದಳು.

ಮೊದಲನೇ ಸಲ ಹೇಳಲು ಹೋದದ್ದು ಜಡಿಮಳೆಯಲ್ಲಿ. ಕೊಡೆ ಮಡಚಿ ಒಳಗೆ ಹೋದರೆ ಅವಳು ಸೋರುವ ಜಾಗಕ್ಕೆ ಪಾತ್ರೆ ಇಡುತ್ತಿದ್ದಳು. ‘ಸರಿಯಾದ ಹೊತ್ಗೆ ಬಂದ್ರಿ ನೋಡಿ’ ಎಂದು ಮೇಲೆ ತೋರಿಸಿದಳು. ನಾನು ಕತ್ತೆತ್ತಿ ನೋಡಿದೆ. ಒಡೆದ ಹೆಂಚು. ಹೊಸ ಹೆಂಚು ಹಾಕಿಸುತ್ತೇನೆ ಅಂದೆ, ಮಾರನೇ ದಿನವೇ ಹಾಕಿಸಿದೆ. ಕೆಡವಲಿರುವ ಮನೆಗೆ ಹೆಂಚು ಹಾಕಿಸಿದ ರೈಟರ್ ಕೊಡಗಿನಲ್ಲಿ ನಾನೊಬ್ಬನೇ ಇರಬೇಕು.

ಎರಡನೇ ಸಲ ಸೆಪ್ಟೆಂಬರಿನಲ್ಲಿ. ಅವಳೇ ವಿಷಯ ತೆಗೆದಳು. ಸಾವಿತ್ರಿ ಮನೆಗೆ ಸೇರಿದಂತೆ ಒಂದು ರೂಮು ಕಟ್ಟಿಸಿದ್ದಾಳೆ, ಬಾ ಅನ್ನುತ್ತಿದ್ದಾಳೆ.

‘ದೀಪಾವಳಿ ಒಳಗೆ ಬತ್ತೀನೋ ಇಲ್ವೋ ಏಳ್ಬುಡಬೇಕಂತೆ. ಇಲ್ದಿದ್ರೆ ಬಾಡ್ಗೆಗೆ ಕೊಡ್ತೀನಿ ಅಂತಾಳೆ. ಅವಳ್ದೂ ತಪ್ಪಿಲ್ಲ ಬುಡಿ, ಎಷ್ಟು ದಿನ ಕಾಯ್ಕೊಂಡಿರ್ತಾಳೆ?’

‘ನೀನು ಏನಂತೀಯ ಪುಟ್ಟಮ್ಮಕ್ಕ?’

‘ಏನನ್ಲಿ? ಅಲ್ಲಿ ಬಾಗ್ಲು ಅವಳ್ದು. ಇಲ್ಲಿ ಬಾಗ್ಲು ನಂದು.’ ಎಲೆಗೆ ಸುಣ್ಣ ಸವರಿಕೊಂಡು ನನ್ನ ಮುಖ ನೋಡಿದಳು. ‘ಇಲ್ಲಿ ಯಾರೂ ಎಬ್ಬುಸ್ದೆ ಇದ್ರೆ ನಾನ್ಯಾಕೆ ಓಗ್ಲಿ? ಎಬ್ಬುಸ್ತಾರೆ ಅಂದ್ರೆ ಈಗ್ಲೇ ಓಗದು ವಾಸಿ, ರೂಮಾದ್ರೂ ಸಿಕ್ತದೆ. ನೀವೇನಂತೀರಿ?’

ಇದಕ್ಕಿಂತ ಸುಲಭ ಮಾಡಿಕೊಡಲು ಯಾರಿಂದಲೂ ಆಗುತ್ತಿರಲಿಲ್ಲ. ಹೋಗು ಅಂದರೆ ಮುಗಿದಿತ್ತು. ‘ಯೋಚನೆ ಮಾಡು, ಇನ್ನೂ ಟೈಮಿದೆಯಲ್ಲ’ ಅಂದೆ. ಮನೆಗೆ ಬಂದು ಜಯಂತಿಗೆ ಹೇಳಿದೆ.

‘ಆನೆ ಬಂದ್ರೆ, ಜೇನು ಎದ್ರೆ ಅಂತ ಆಗದೇ ಇರೋದಕ್ಕೆಲ್ಲ ಪಟ್ಟಿ ಮಾಡ್ತೀರ,’ ಅಂದಳು. ‘ಆಗೇ ಆಗತ್ತೆ ಅಂತ ಗೊತ್ತಿರೋ ಒಂದು ವಿಷಯ ಬಾಯಿ ಬಿಟ್ಟು ಹೇಳಕ್ಕೆ ಏನು ನಿಮಗೆ?’

ಡೆಮೋ ಮುಗಿಯಲಿ, ಹೂಡಿಕೆದಾರರು ಬೇಡ ಅಂದರೂ ಅನ್ನಬಹುದು, ಆಗ ಸುಮ್ಮನೆ ಅವಳನ್ನು ಯಾಕೆ ಕದಲಿಸಬೇಕು, ಅಂದೆ. ಇದು ಕೇಳುವುದಕ್ಕೆ ಕರುಣೆಯ ಹಾಗಿದೆ. ನಾನೂ ಹಾಗೇ ಕೇಳಿಸಿಕೊಂಡೆ.

ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟಿತು. ಕಂಪನಿಯಿಂದ ಶ್ರುತಿ ಎಂಬ ಇಂಜಿನಿಯರ್ ಬಂದು ಒಂದು ವಾರ ಉಳಿದಳು. ಮೈಸೂರಿನವಳು, ಚುರುಕು. ಬಂದ ದಿನವೇ ರಸ್ತೆ ನೋಡಿ, ‘ಸರ್, ಎರಡೂ ಬದಿಗೆ ಬಿಳಿ ಗೆರೆ ಇದ್ದಿದ್ರೆ ಚೆನ್ನಾಗಿತ್ತು’ ಅಂದಳು. ತೋಟದ ರಸ್ತೆಗೆ ಯಾರು ಗೆರೆ ಎಳೆಯುತ್ತಾರೆ? ಅದೇ ವಾರ ಅರೇಬಿಕಾಕ್ಕೆ ಸುಣ್ಣ ಬಳಿಯುತ್ತಿದ್ದರು. ಎರಡು ಡ್ರಮ್ ಕೆಳಕ್ಕೆ ಇಳಿಸಿ, ಹಗ್ಗ ಹಿಡಿದು, ಅದೇ ಬ್ರಷ್ಷಿನಲ್ಲಿ ರಸ್ತೆಯ ಎರಡೂ ಅಂಚಿಗೆ ಗೆರೆ ಹೊಡೆಸಿದೆ. ಕಾಂಡಕೊರಕದಿಂದ ರಸ್ತೆಯೂ ಬಚಾವು ಎಂದು ಕೆಲಸದವರು ನಕ್ಕರು.

ಕಾರು ಈ ಸಲ ಕನ್ನಡ ಮಾತಾಡುತ್ತದೆ ಎಂಬುದು ಶ್ರುತಿಯ ಹೆಮ್ಮೆ. ಅದು ಹೇಳುವ ಮಾತುಗಳ ಪಟ್ಟಿಯನ್ನು ನನಗೆ ತಿದ್ದಲು ಕೊಟ್ಟಳು, ರೈಟರ್ ಅಲ್ಲವೇ. ನಾನು ‘ನೀನು’ಗಳನ್ನೆಲ್ಲ ‘ನೀವು’ ಮಾಡಿದೆ. ಕಾರು ಓನರನ್ನು ಏಕವಚನದಲ್ಲಿ ಕರೆದರೆ ದೇವಯ್ಯನವರು ನನ್ನನ್ನು ಯಾವ ವಚನದಲ್ಲಿ ಕರೆದಾರು ಎಂಬ ಚಿಂತೆ.

‘ಸರ್, ಇಲ್ಲಿ ಲೇನ್ ಅಂತ ಇದೆ. ಹಳ್ಳಿ ಕಡೆ ಅರ್ಥ ಆಗುತ್ತಾ? ಲೈನ್ ಅಂತ ಮಾಡ್ಲಾ?’

‘ಲೈನ್ ಅಂತ್ಲೇ ಮಾಡಿ ಮೇಡಂ,’ ಅಂದೆ. ‘ಇಲ್ಲಿ ಲೈನ್ ಅಂದ್ರೆ ಸಣ್ಣ ಮಕ್ಕಳಿಗೂ ಗೊತ್ತು.’

ಬುಧವಾರ ಹೂಡಿಕೆದಾರರು ಬಂದರು. ಮೂವರು. ಅವರಲ್ಲಿ ಹಿರಿಯರು ಮೂರ್ತಿಯವರು, ಮೆದು ಮಾತಿನವರು. ಉಳಿದಿಬ್ಬರು ಅವರ ಮುಖ ನೋಡಿಕೊಂಡು ನಗುವುದೋ ಬೇಡವೋ ತೀರ್ಮಾನಿಸುತ್ತಿದ್ದರು. ಕಣದಲ್ಲಿ ಶಾಮಿಯಾನ ಹಾಕಿ ದೊಡ್ಡ ಟಿವಿ ಇಟ್ಟಿದ್ದೆವು. ಕಾರಿನೊಳಗೆ ನಡೆಯುವುದೆಲ್ಲ ಅದರಲ್ಲಿ ಕಾಣುತ್ತದೆ, ಕೇಳುತ್ತದೆ. ದೇವಯ್ಯನವರು ಮುಂದಿನ ಸಾಲಿನಲ್ಲಿ ಕನ್ನಡಕ ಹಾಕಿ ಕೂತಿದ್ದರು. ಡಾಕ್ಟರು ಹಿಂದಿನ ಸಾಲಿನಲ್ಲಿ, ಹಳೆಯ ಪೆಟ್ಟಿಗೆಯ ರಸೀದಿ ಕೈಯಲ್ಲಿ ಹಿಡಿದುಕೊಂಡು.

ಕಾರಿನಲ್ಲಿ ಸಾಮಾನ್ಯ ಜನ ಒಬ್ಬರು ಕೂತಿದ್ದರೆ ಚೆನ್ನ ಎಂದು ಶ್ರುತಿ ಮೊದಲೇ ಹೇಳಿದ್ದಳು. ಆ ವಾರದಲ್ಲಿ ಅವಳಿಗೆ ಕೋಳಿ ಸಾರು ಮಾಡಿ ಕೊಟ್ಟು ಸ್ನೇಹವಾಗಿದ್ದವಳು ಪುಟ್ಟಮ್ಮ. ಹಾಗಾಗಿ ಪುಟ್ಟಮ್ಮನೇ ಕೂತಳು. ಕರಿಯಂಚಿನ ಹಳದಿ ಸೀರೆ, ತಲೆಗೆ ಎಣ್ಣೆ. ಅವಳಿಗೆ ಧೈರ್ಯಕ್ಕಿರಲಿ ಎಂದು ಪಕ್ಕದಲ್ಲಿ ನನ್ನನ್ನು ಕೂರಿಸಿದರು. ಧೈರ್ಯಕ್ಕೆ! ಮುಂದೆ ಡ್ರೈವರ್ ಸೀಟಿನಲ್ಲಿ ಶ್ರುತಿ, ಎರಡೂ ಕೈ ಮಡಿಲಲ್ಲಿಟ್ಟು, ಪಕ್ಕದಲ್ಲಿ ಮೂರ್ತಿಯವರು.

ಗೇಟಿನಿಂದ ಕಾರು ಹೊರಟಿತು. ಸ್ಟೇರಿಂಗ್ ತಾನೇ ಅತ್ತ ಇತ್ತ ಹೊರಳಿತು. ಮೊದಲ ತಿರುವಿನಲ್ಲಿ ತಾನೇ ಹಾರನ್ ಹೊಡೆಯಿತು. ಅದಕ್ಕೆ ಕಲಿಸಿದ್ದು ಕೊಡಗಿನ ಡ್ರೈವರೇ ಇರಬೇಕು.

‘ಒಳಗೆ ಯಾರವ್ರೆ ಮಗ?’ ಪುಟ್ಟಮ್ಮ ಶ್ರುತಿಯನ್ನು ಕೇಳಿದಳು.

‘ಯಾರೂ ಇಲ್ಲ ಅಜ್ಜಿ. ಕಂಪ್ಯೂಟರ್.’

‘ಅದ್ಕೆ ಊಟ?’

‘ಬೇಡ.’

‘ವಾರದ ರಜ?’

‘ಅದೂ ಬೇಡ ಅಜ್ಜಿ.’

‘ಅಂಗಾರೆ ಓನರ್ಗೆ ಬಲೇ ಚೆಂದ,’ ಅಂದಳು. ಮೂರ್ತಿಯವರು ಮನಸಾರೆ ನಕ್ಕರು. ಕಣದಲ್ಲಿ ಟಿವಿ ಮುಂದೆ ಉಳಿದಿಬ್ಬರೂ ನಕ್ಕಿರಬೇಕು.

ಎರಡನೇ ತಿರುವು. ಮೂರನೆಯದು. ನಾನು ಕಾಡಿನ ಕಡೆ, ಮರದ ತುದಿಯ ಕಡೆ, ನಾಯಿಯ ಕಡೆ ನೋಡಿಕೊಂಡೇ ಇದ್ದೆ. ಕೆಳಗಿನ ಲೈನಿನ ನೇರ ರಸ್ತೆಗೆ ಬಂದಾಗ, ಇನ್ನೇನು ಮುಗಿಯಿತು, ಕಣ ಇಲ್ಲೇ ಇದೆ ಎಂದು ಮೊದಲ ಬಾರಿಗೆ ಒರಗಿ ಕೂತೆ.

ದೊಡ್ಡವರು ತನ್ನ ಮನೆ ಮುಂದೆ ಹಾದುಹೋಗುತ್ತಾರೆಂದು ಪುಟ್ಟಮ್ಮ ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸಿದ್ದಳು. ಅಂಗಳ ಗುಡಿಸಿ, ಅಂಗಳದಾಚೆ ರಸ್ತೆಯನ್ನೂ ಗುಡಿಸಿ, ನೀರು ಹಾಕಿ ಉಜ್ಜಿ ತೊಳೆದು, ರಸ್ತೆಯ ಅಂಚಿಗೆ ದೊಡ್ಡದೊಂದು ರಂಗೋಲಿ ಬಿಟ್ಟಿದ್ದಳು. ನಾನು ಹಗ್ಗ ಹಿಡಿದು ಎಳೆಸಿದ್ದ ಸುಣ್ಣದ ಗೆರೆ ಅಲ್ಲಿ ಇರಲೇ ಇಲ್ಲ. ಅದರ ಜಾಗದಲ್ಲಿ ಎಂಟು ಎಸಳಿನ ಹೂವು.

ಕಾರು ನಿಧಾನವಾಯಿತು. ಇನ್ನೂ ನಿಧಾನವಾಯಿತು. ಐದನೇ ಬಾಗಿಲಿನ ಎದುರಿಗೆ ಸರಿಯಾಗಿ ನಿಂತಿತು. ಆಮೇಲೆ ಹೆಣ್ಣು ದನಿಯಲ್ಲಿ, ಸ್ಪಷ್ಟ ಕನ್ನಡದಲ್ಲಿ, ಬಹುವಚನದಲ್ಲಿ ಹೇಳಿತು:

‘ನೀವು ಲೈನ್ ಬಿಡುತ್ತಿದ್ದೀರಿ. ದಯವಿಟ್ಟು ಗಮನಿಸಿ. ನೀವು ಲೈನ್ ಬಿಡುತ್ತಿದ್ದೀರಿ.’

ಪುಟ್ಟಮ್ಮ ತನ್ನ ಬಾಗಿಲು ನೋಡಿದಳು. ಕಾರಿನ ಮುಂಭಾಗ ನೋಡಿದಳು. ನನ್ನ ಕಡೆ ತಿರುಗಿದಳು.

‘ನಾನು ಲೈನ್ ಬುಡಬೇಕಾ?’

ಶ್ರುತಿಗೆ ಪ್ರಶ್ನೆಯೇ ಅರ್ಥ ಆಗಿರಲಿಲ್ಲ; ಅವಳು ಪರದೆಯ ಮೇಲೆ ಏನೋ ಒತ್ತುತ್ತಿದ್ದಳು. ಮೂರ್ತಿಯವರು ಕುತೂಹಲದಿಂದ ಹಿಂದೆ ತಿರುಗಿದರು.

‘ಓನರ್ ಏಳವ್ರಾ ಇದ್ಕೆ?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ಯಾವ ಬ್ಲಾಕಿಗೆ ಹೋಗಬೇಕು ಎಂದು ಕೇಳುವ ಹಾಗೆ ಕೇಳಿದಳು. ‘ನಿಜವಾ ರೈಟ್ರೇ? ನಿಜ ಆದ್ರೆ ಏಳ್ಬುಡಿ, ಸಾವಿತ್ರಿಗೆ ಫೋನ್ ಮಾಡ್ಬೇಕು.’

ನನ್ನೆದುರಿಗಿನ ಕನ್ನಡಿಯ ಪಕ್ಕದಲ್ಲಿ ಕ್ಯಾಮೆರಾದ ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಅದರಾಚೆ ಕಣದಲ್ಲಿ ದೇವಯ್ಯನವರು, ಡಾಕ್ಟರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

‘ಅಲ್ಲ ಪುಟ್ಟಮ್ಮಕ್ಕ,’ ಅಂದೆ. ‘ಅದು ಮನೆ ಲೈನ್ ಅಲ್ಲ. ರಸ್ತೆ ಬದಿಗೆ ಸುಣ್ಣದ ಗೆರೆ ಹೊಡೆಸಿದ್ನಲ್ಲ, ಅದಕ್ಕೆ ಲೈನ್ ಅಂತ ಹೇಳ್ತಿದೆ. ನೀನು ಅದನ್ನ ಗುಡಿಸಿ ಹಾಕಿದ್ದೀಯ.’

‘ಮನೆಗಲ್ವಾ?’

‘ಅಲ್ಲ.’

‘ಅಯ್ಯೋ ಶಿವ್ನೆ!’ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದಳು. ‘ಒಂದು ಗಳಿಗೆ ನನ್ ಜೀವನೇ ಓಗಿತ್ತು ಕನಪ್ಪ.’ ಮೂರ್ತಿಯವರೂ ನಕ್ಕರು. ವ್ಯಾಕರಣದ ಪ್ರಕಾರ ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅಷ್ಟರಲ್ಲಿ ಕಾರು ಪಕ್ಕದ ಕ್ಯಾಮೆರಾಗಳಿಂದ ದಾರಿ ಹುಡುಕಿಕೊಂಡು, ರಂಗೋಲಿಯ ಒಂದು ಎಸಳೂ ತುಳಿಯದೆ ಮುಂದೆ ಹೊರಟಿತು. ಕಣ ಸೇರಿದಾಗ ಚಪ್ಪಾಳೆ. ಗೆರೆ ಇಲ್ಲದ ಕಡೆ ನಿಂತು, ತಾನೇ ಯೋಚಿಸಿ, ಮತ್ತೆ ಹೊರಟಿತಲ್ಲ, ಅದೇ ಹೂಡಿಕೆದಾರರಿಗೆ ಹಿಡಿಸಿದ್ದು. ಬೇಕೆಂದು ಏರ್ಪಾಡು ಮಾಡಿದ್ದರೂ ಇಷ್ಟು ಚೆನ್ನಾಗಿ ತೋರಿಸಲು ಆಗುತ್ತಿರಲಿಲ್ಲ ಎಂದು ಮೂರ್ತಿಯವರು ಶ್ರುತಿಯ ಕೈ ಕುಲುಕಿದರು. ದೇವಯ್ಯನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆಮೇಲೆ ಏನೋ ನೆನಪಾದವರಂತೆ ಕನ್ನಡಕ ತೆಗೆದು, ‘ಹಳೆ ಪೆಟ್ಟಿಗೆಯವರ ಗತಿ ಎಂತ?’ ಎಂದು ತಾವೇ ಕೇಳಿದರು. ಡಾಕ್ಟರು ರಸೀದಿ ಎತ್ತಿ ಹಿಡಿದರು.

‘ಮೊದಲು ನಂಬಿದವರನ್ನ ನಾವು ಮರೆಯಲ್ಲ,’ ಅಂದರು ಮೂರ್ತಿಯವರು.

‘ಮರೀಬೇಡಿ ಅಂತ ಯಾರು ಕೇಳಿದ್ರು? ಬದಲಾಯಿಸಿಕೊಡಿ ಅಂದೆ,’ ಅಂದರು ಡಾಕ್ಟರು.

ಊಟ ಸಾಂಗವಾಗಿ ನಡೆಯಿತು. ಪಂದಿ ಪಂದಿಯ ಮೇಜಿನಲ್ಲೇ ಇತ್ತು. ಕೈ ತೊಳೆಯುವಲ್ಲಿ ದೇವಯ್ಯನವರು ನನ್ನ ಹೆಗಲು ತಟ್ಟಿ, ‘ಸಮಯಕ್ಕೆ ಸರಿಯಾಗಿ ಸಂಭಾಳಿಸಿದೆ ಮಾರಾಯ. ನಾನು ಗಾಬರಿ ಬಿದ್ದಿದ್ದೆ. ನೀನು ಅವಳಿಗೆ ಮೊದಲೇ ಹೇಳಿ ಆಗಿತ್ತಲ್ಲ? ಮತ್ತೆಂತಕ್ಕೆ ಹಾಗೆ ಕೇಳಿದ್ದು?’ ಅಂದರು. ಮೂರ್ತಿಯವರು ಆ ಕಡೆಯಿಂದ ಕರೆದರು. ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ನನ್ನ ಪುಣ್ಯ ಎಂದುಕೊಂಡೆ.

ಹೊರಡುವ ಮೊದಲು ಶ್ರುತಿ, ಏನಾದರೂ ತೊಂದರೆ ಕಂಡಿತೇ ಎಂದು ಎಲ್ಲರಿಂದಲೂ ಬರೆಸಿಕೊಂಡಳು. ಲೈನ್ ಬದಲು ‘ಗೆರೆ’ ಎನ್ನುವುದು ವಾಸಿ ಎಂದು ಬರೆದುಕೊಟ್ಟೆ. ‘ಅಷ್ಟೇನಾ ಸರ್?’ ಅಂದಳು. ಅಷ್ಟೇ ಅಂದೆ.

ಭಾನುವಾರ ಪುಟ್ಟಮ್ಮ ನಮ್ಮ ಮನೆಗೆ ಬಂದಳು. ಅವಳ ಫೋನಿನಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲವಂತೆ. ಸಾವಿತ್ರಿಯ ನಂಬರು ಬರೆದ ಚೀಟಿ ಕೊಟ್ಟು, ‘ಅಚ್ಚಿ ಕೊಡಿ’ ಅಂದಳು. ನಾನೇ ಒತ್ತಿದೆ. ಸ್ಪೀಕರ್ ಹಾಕಿ ಹಿಡಿದುಕೊಂಡೆ, ಅವಳಿಗೆ ಕಿವಿ ಸ್ವಲ್ಪ ಮಂದ.

‘ರೂಮು ಬಾಡ್ಗೆಗೆ ಕೊಟ್ಬುಡವ್ವ. ನಾನು ಇಲ್ಲೇ ಇರ್ತೀನಿ.’

‘ಗ್ಯಾರಂಟೀನಾ ದೊಡ್ಡವ್ವ? ಆಮೇಲೆ ಅವ್ರು ಓಡಿಸಿದ್ರೆ ನನ್ನ ಬೈಬೇಡ.’

‘ಯಾರು ಓಡಿಸ್ತಾರೆ? ನಮ್ಮ ರೈಟ್ರನ್ನ ಕೇಳಿದೆ. ಎಲ್ರ ಮುಂದೆ ಅಲ್ಲ ಅಂದವ್ರೆ.’

ಜಯಂತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ಫೋನನ್ನು ನೋಡುತ್ತಿದ್ದೆ. ಮಾತಿನ ನಡುವೆ ಸಿಗ್ನಲ್ ಹೋದರೆ ಎಂಬುದು, ಜೀವನದಲ್ಲಿ ಅದೊಂದೇ ಸಲ, ಚಿಂತೆಯಾಗಿರದೆ ಆಸೆಯಾಗಿತ್ತು. ಸಿಗ್ನಲ್ ಹೋಗಲಿಲ್ಲ.

ಡಿಸೆಂಬರಿನಲ್ಲಿ ಅರೇಬಿಕಾ, ಜನವರಿ ಫೆಬ್ರವರಿಯಲ್ಲಿ ರೊಬಸ್ಟಾ. ಪಿಕಿಂಗಿನ ಗಲಾಟೆಯಲ್ಲಿ ನಾನು ಏನನ್ನೂ ಯೋಚಿಸದೆ ಇರಲು ಸಾಕಷ್ಟು ಕೆಲಸವಿತ್ತು. ಕಣದಲ್ಲಿ ಕಾಫಿ ಒಣಗುತ್ತಿದ್ದಾಗ ಕಂಪನಿಯಿಂದ ಕಾಗದ ಬಂತು. ರಸ್ತೆ ಬೇಕು, ವರ್ಕ್‌ಶಾಪ್ ಕಟ್ಟುತ್ತೇವೆ. ಕೆಳಗಿನ ಲೈನಿಗೆ ಹೋಗಿ ಹೇಳಿದೆ. ‘ಓನರ್ ಹೇಳಿ ಕಳಿಸಿದ್ದಾರೆ’ ಎಂದು ಶುರು ಮಾಡಿದೆ, ಅದೇ ಬೆಳಿಗ್ಗೆ ನನಗೂ ತಿಳಿದ ಹಾಗೆ. ಪುಟ್ಟಮ್ಮ ಹೂಂ, ಹೂಂ ಎಂದು ಕೇಳಿಸಿಕೊಂಡಳು. ಕೋಳಿಗಳನ್ನು ಯಾರಿಗೆ ಕೊಡುವುದು ಎಂದಷ್ಟೇ ಕೇಳಿದಳು.

ವರ್ಕ್‌ಶಾಪ್ ಈಗಲೂ ಇದೆ. ಆಗಿನ ಹೊಸ ಪೆಟ್ಟಿಗೆ ಈಗ ಹಳೆಯದಾಗಿ, ಅದಕ್ಕಿಂತ ಹೊಸದು ಬಂದಿದೆ; ಈ ಸಲವೂ ಹಿಂದಿನದಕ್ಕೆ ಹೊಂದುವುದಿಲ್ಲವಂತೆ. ದೇವಯ್ಯನವರು ಮತ್ತೆ ಬೆಳಿಗ್ಗೆ ಬಾಗಿಲು ದಢಾರ್ ಎನ್ನಿಸುತ್ತಾರೆ, ಸಂಜೆ ಚಿತ್ರ ತೋರಿಸುತ್ತಾರೆ. ಡಾಕ್ಟರು ಕಾರು ಮಾರಿ ಡ್ರೈವರನ್ನಿಟ್ಟುಕೊಂಡಿದ್ದಾರೆ.

ಪುಟ್ಟಮ್ಮನನ್ನು ಪಿರಿಯಾಪಟ್ಟಣಕ್ಕೆ ಬಿಡಲು ಪಿಕಪ್ಪಿನಲ್ಲಿ ನಾನೇ ಹೋದೆ. ಸಾಮಾನು ಹೆಚ್ಚಿರಲಿಲ್ಲ. ಸಾವಿತ್ರಿಯ ಹೊಸ ರೂಮಿನ ಹೊರಗೆ ಯಾರದೋ ಸ್ಕೂಟರು, ಒಣಹಾಕಿದ ಸಮವಸ್ತ್ರ. ದೀಪಾವಳಿಯ ಮಾರನೇ ವಾರವೇ ಒಬ್ಬ ಮೇಷ್ಟ್ರ ಸಂಸಾರ ಬಂದಿತ್ತು. ಪುಟ್ಟಮ್ಮನ ಮಂಚವನ್ನು ನಡುಮನೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ ಹಾಕಿದೆವು. ತಲೆ ಬಗ್ಗಿಸಿಯೇ ಕೂರಬೇಕು. ಅವಳು ಕೂತು ನೋಡಿದಳು, ‘ಸಾಕು ಬುಡು, ಮಲಗಕ್ಕೆ ತಾನೆ’ ಅಂದಳು.

ಸಾವಿತ್ರಿ ಕಾಫಿ ತಂದುಕೊಟ್ಟಳು. ಲೋಟ ಕೊಡುವಾಗ ನನ್ನ ಮುಖ ನೋಡಲಿಲ್ಲ. ‘ಆಗ್ಲೇ ಒಂದು ಮಾತು ಏಳಿದ್ರೆ ರೂಮು ಇಟ್ಕೊಂಡಿರ್ತಿದ್ದೆ’ ಎಂದು ಗೋಡೆಗೆ ಹೇಳಿದಳು.

‘ಅವ್ರನ್ನ ಯಾಕವ್ವ ಅಂತೀಯ,’ ಅಂದಳು ಪುಟ್ಟಮ್ಮ. ‘ಆ ಕಾರು ನನ್ ಬಾಗ್ಲಲ್ಲೇ ನಿಂತು ಎರಡೆರಡು ಸಲ ಏಳ್ತು. ಅದ್ಕೆ ಆಗ್ಲೇ ಗೊತ್ತಿತ್ತು. ಇವ್ರಿಗೇ ಯಾರೂ ಏಳಿರ್ನಿಲ್ಲ, ಪಾಪ.’ ಮೆಟ್ಟಿಲ ಕೆಳಗಿನಿಂದ ಕತ್ತು ಹೊರಗೆ ಚಾಚಿ ನನ್ನನ್ನು ನೋಡಿದಳು. ‘ಅಲ್ವಾ ರೈಟ್ರೇ?’

ಸಾವಿತ್ರಿ ಈಗ ನನ್ನ ಕಡೆ ತಿರುಗಿದಳು.

‘ಹೂಂ ಪುಟ್ಟಮ್ಮಕ್ಕ,’ ಅಂದೆ. ‘ನನಗೂ ಹೇಳಿರಲಿಲ್ಲ.’